ದೊಡ್ಡ ಪರದೆಯಲ್ಲಿ ಚೋಲಾ

"ಆಗಲ್ಲ ಅಂತ ಹೇಳಿಬಿಡು ಲಕ್ಸನ್. ಡಬ್ಬ ಹಳೇದು, ಇದರಲ್ಲಿ ಮೊಬೈಲಿಂದು ಓಡಲ್ಲ ಅಂತ ಹೇಳು," ಎಂದಳು ಮುಟಾಲೆ. ಹೇಳುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಅವಳ ಅಪ್ಪ ಕಸೊಂಡೆಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಆದರೆ ತುಟಿ ನೋಡಿ ಅರ್ಧ ಮಾತು ಹಿಡಿದುಬಿಡುತ್ತಿದ್ದ.

ಲಕ್ಸನ್ ತಲೆ ಕೆರೆದುಕೊಂಡ. "ಬೆಳಿಗ್ಗೆ ಹೇಳಿದ್ದರೆ ಸುಳ್ಳು ಹೇಳ್ತಿದ್ದೆ ಅಕ್ಕ. ಸುಳ್ಳು ಹೇಳದೆ ಚಿಸೊಕೊನೆ ಮಾರುಕಟ್ಟೇಲಿ ರಿಪೇರಿ ಅಂಗಡಿ ನಡೆಯುತ್ತಾ? ಆದರೆ ಈಗ ಯಾರ ಮುಂದೆ ಹೇಳ್ಲಿ? ನೋಡಿ ಅಲ್ಲಿ."

ಹಳೇ ಕಂಪ್ಯೂಟರಿನ ಪರದೆಯ ತುಂಬ ಮೊಬೈಲಿನವೇ ಚಿತ್ರಗಳು ಸಾಲಾಗಿ ಕೂತಿದ್ದವು. ಕಸೊಂಡೆ ಮೌಸ್ ಹಿಡಿದು ಒಂದೊಂದನ್ನೇ ಒತ್ತಿ ನೋಡುತ್ತಿದ್ದ. ಮಗಳು ತಿರುಗಿದ್ದೇ ತಡ, ಕೈಸನ್ನೆಯಲ್ಲಿ ಹೇಳಿದ: "ಬೆರಳಿನ ಬದಲು ಈ ಇಲಿ. ಮಿಕ್ಕಿದ್ದೆಲ್ಲ ನನ್ನ ಫೋನೇ. ಏನೂ ಹೊಸದು ಕಲಿಯೋ ಹಾಗಿಲ್ಲ."

ಅವನು ಬಡಗಿ. ಶಾಲೆಯೊಂದಕ್ಕೆ ಬೆಂಚು ಮಾಡಿಕೊಟ್ಟಾಗ ಅವರು ಮೂಲೆಗೆ ಎಸೆದಿದ್ದ ಈ ಕಂಪ್ಯೂಟರನ್ನು ಕೇಳಿ ಪಡೆದು, ತಳ್ಳುಗಾಡಿಯಲ್ಲಿ ಲಕ್ಸನ್‌ನ ಅಂಗಡಿಗೆ ತಂದಿದ್ದ. ಎಲ್ಲವೂ ಅವಳಿ ತಂಗಿ ಚೋಲಾಳಿಗಾಗಿ. ಚೋಲಾಳಿಗೂ ಕಿವಿ ಕೇಳಿಸದು. ಒಂದೇ ಚಾಪೆಯ ಮೇಲೆ ಬೆಳೆಯುತ್ತ ಅಣ್ಣ ತಂಗಿ ಸೇರಿ ಕಟ್ಟಿಕೊಂಡ ಕೈಮಾತು, ಅವರಿಬ್ಬರನ್ನು ಬಿಟ್ಟರೆ ಬರುತ್ತಿದ್ದುದು ಮುಟಾಲೆಗೆ ಮಾತ್ರ. ಚೋಲಾ ಇರುವುದು ದೂರದ ಕಸಾಮಾ ಊರಲ್ಲಿ, ಕಸೊಂಡೆ ಇಲ್ಲಿ ಕಿಟ್ವೆಯಲ್ಲಿ. ಸಂಜೆಯಾದರೆ ಫೋನಿನ ವಿಡಿಯೋದಲ್ಲಿ ಇಬ್ಬರ ಕೈಗಳೂ ಹರಟೆ ಹೊಡೆಯುತ್ತಿದ್ದವು. ಈಚೆಗೆ ಅವನ ಕಣ್ಣು ಮಂಜಾಗಿ, ಅಂಗೈಯಗಲದ ಫೋನಿನಲ್ಲಿ ತಂಗಿಯ ಬೆರಳುಗಳು ಗುಬ್ಬಿ ರೆಕ್ಕೆ ಬಡಿದ ಹಾಗೆ ಕಾಣುತ್ತಿದ್ದವೇ ಹೊರತು ಮಾತು ಹತ್ತುತ್ತಿರಲಿಲ್ಲ.

"ಯಾಕಕ್ಕ ಬೇಡ ಅಂತೀರಿ? ಯಜಮಾನ್ರು ಹೀಗೆ ನಕ್ಕಿದ್ದು ನಾನು ನೋಡೇ ಇಲ್ಲ," ಎಂದ ಲಕ್ಸನ್.

ಚೋಲಾ ಅತ್ತೆಯ ಹೊಟ್ಟೆಯೊಳಗಿನ ಗಡ್ಡೆಯ ವಿಷಯ ಮುಟಾಲೆಗೆ ಗೊತ್ತಿತ್ತು. ಲುಸಾಕಾದ ಡಾಕ್ಟರು ಇನ್ನು ಮಾಡುವಂಥದ್ದೇನಿಲ್ಲ ಎಂದು ಮನೆಗೆ ಕಳಿಸಿದ್ದೂ ಗೊತ್ತಿತ್ತು. ಅಂದು ಅತ್ತೆ ಅವಳ ಮುಂದೆ ನಿಧಾನವಾಗಿ ಕೈ ಆಡಿಸಿದ್ದಳು: "ನಿಮ್ಮಪ್ಪನಿಗೆ ತಿಳಿಸಬೇಡ. ಓಡಿ ಬಂದು ಅಳ್ತಾ ಕೂರ್ತಾನೆ. ಕಣ್ಣೊರೆಸೋದರಲ್ಲೇ ಅವನ ಕೈಗಳಿಗೆ ಬಿಡುವಿಲ್ಲದೆ ಹೋದರೆ, ನನ್ನ ಜೊತೆ ಮಾತಾಡೋದು ಯಾವಾಗ?" ಆಮೇಲೆ ತಲೆಗೂ ಹೆಗಲಿಗೂ ಚಿಟೆಂಗೆ ಬಟ್ಟೆ ಸುತ್ತಿಕೊಂಡು, ಕೈಗಳಷ್ಟೇ ಕಾಣುವ ಹಾಗೆ ಫೋನಿನ ಮುಂದೆ ಕೂರತೊಡಗಿದ್ದಳು.

ಕಸೊಂಡೆ ಅಷ್ಟರಲ್ಲಿ ತಂಗಿಯ ಹೆಸರು ಒತ್ತಿಬಿಟ್ಟಿದ್ದ. ಪರದೆಯೂ ಅದರ ನೆತ್ತಿಗೆ ಲಕ್ಸನ್ ಸಿಕ್ಕಿಸಿದ್ದ ಪುಟ್ಟ ಕ್ಯಾಮೆರಾವೂ ಬೆಳಗಿದವು. ಕರೆ ಈ ಸಲ ಫೋನಿನಿಂದಲ್ಲ, ದೊಡ್ಡ ಪರದೆಯಿಂದ ಬಂದಿದೆಯೆಂದು ಚೋಲಾಳಿಗೇನು ಗೊತ್ತು? ಸುಮ್ಮನೆ ಎತ್ತಿಕೊಂಡಳು. ಬಟ್ಟೆ ಹೆಗಲಿನಿಂದ ಜಾರಿತ್ತು. ಕೆನ್ನೆಯ ಮೂಳೆ, ಕತ್ತಿನ ನರ, ಮಣಿಕಟ್ಟಿನ ಗಂಟು, ಎಲ್ಲವೂ ಒಂದು ಮೊಳದ ಪರದೆಯ ಮೇಲೆ ಬಂದು ಕೂತವು. ಅವಳ ಹಿಂದಿನ ಗೋಡೆಯಲ್ಲೊಂದು ಗಡಿಯಾರ.

ಕಸೊಂಡೆ ಸುಮ್ಮನೆ ನೋಡಿದ. ಮೂಗು ತಾಗುವಷ್ಟು ಹತ್ತಿರ ಹೋಗಿ ಮತ್ತೆ ನೋಡಿದ. ಆಮೇಲೆ ಮಗಳ ಕಡೆ ತಿರುಗಿ ಕೈಯಾಡಿಸಿದ. ಮುಟಾಲೆ ಅದನ್ನು ಬಾಯಲ್ಲಿ ಹೇಳಿದಳು. "ಚಿತ್ರ ಉದ್ದಕ್ಕೆ ಎಳೆದ ಹಾಗಿದೆಯಂತೆ. ತಂಗಿ ಸಣ್ಣಗೆ ಕಾಣ್ತಾಳಂತೆ. ಸ್ವಲ್ಪ ಅಗಲ ಮಾಡು ಅಂತಿದ್ದಾರೆ."

"ಚಿತ್ರ ಸರಿಯಾಗೇ ಇದೆಯಲ್ಲಕ್ಕ..." ಎಂದ ಲಕ್ಸನ್ ಮುಟಾಲೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಪರದೆಯ ಕೆಳಗಿನ ಗುಂಡಿಗಳನ್ನು ಒತ್ತಿದ. ಚಿತ್ರ ಎರಡೂ ಬದಿಗೆ ಹಿಗ್ಗಿತು. ಚೋಲಾಳ ಕೆನ್ನೆ ತುಂಬಿತು, ತೋಳು ತುಂಬಿತು. ಹಿಂದೆ ಮೀನು ಮಾರುತ್ತ ಗಿರಾಕಿಗಳನ್ನು ರೇಗಿಸುತ್ತಿದ್ದ ಚೋಲಾ ಮತ್ತೆ ಬಂದು ಕೂತ ಹಾಗಾಯಿತು. ಮುಟಾಲೆ ಉಸಿರು ಬಿಟ್ಟಳು.

ಕಸೊಂಡೆಯ ಕಣ್ಣು ತಂಗಿಯ ಮುಖ ಬಿಟ್ಟು ಅವಳ ಹಿಂದಿನ ಗೋಡೆಗೆ ಹೋಯಿತು. ದುಂಡಗಿದ್ದ ಗಡಿಯಾರ ಮೊಟ್ಟೆಯ ಹಾಗೆ ಅಡ್ಡ ಮಲಗಿತ್ತು. ಬದುಕೆಲ್ಲ ಮರದ ಅಳತೆ ನೋಡಿದ ಕಣ್ಣು ಅದು. ಬಹಳ ಹೊತ್ತು ಅದನ್ನೇ ನೋಡಿದ. ಕೊನೆಗೆ ಲಕ್ಸನ್‌ನ ತೋಳು ಮುಟ್ಟಿ, ಗಡಿಯಾರ ತೋರಿಸಿ, ಗಾಳಿಯಲ್ಲಿ ಬೆರಳಿನಿಂದ ಒಂದು ದುಂಡು ಬರೆದ.

ಲಕ್ಸನ್ ಮತ್ತೆ ಗುಂಡಿ ಒತ್ತಿದ. ಗಡಿಯಾರ ದುಂಡಗಾಯಿತು. ಚೋಲಾ ಬತ್ತಿದಳು.

ಅತ್ತ ಅವಳಿಗೆ ಈಗ ಅನುಮಾನ ಹುಟ್ಟಿತ್ತು. ಬಟ್ಟೆಯನ್ನು ಕತ್ತಿನವರೆಗೆ ಎಳೆದುಕೊಂಡು ಕೇಳಿದಳು: "ಎಲ್ಲಿದೀಯ? ಅದೇನು ಹಾಗೆ ನೋಡ್ತೀಯ?"

"ದೊಡ್ಡ ಪರದೆ ತಗೊಂಡೆ. ಈಗ ನಿನ್ನ ಮಾತೆಲ್ಲ ಕಾಣುತ್ತೆ."

ಅವಳು ಫೋನಿನತ್ತ ಬಾಗಿದಳು. "ನಾನು? ನಾನು ಹೇಗೆ ಕಾಣ್ತೀನಿ?"

ಮುಟಾಲೆ ಅಪ್ಪನ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತಳು.

"ದಪ್ಪ ಆಗಿದೀಯ," ಎಂದು ಕಸೊಂಡೆ ಎರಡೂ ಕೈ ಅಗಲಿಸಿ ತೋರಿಸಿದ. "ಇಷ್ಟು."

ಚೋಲಾ ನಕ್ಕಳು. ನಗುತ್ತಲೇ ನೆರೆಮನೆಯ ಕೋಳಿಯ ಕಥೆ ಶುರುಮಾಡಿದಳು. ಅವನ ಕೈಗಳು ಮಾತ್ರ ಹಾಗೆಯೇ ಅಗಲವಾಗಿ, ಕೆಳಗಿಳಿಯದೆ ನಿಂತಿದ್ದವು.