ಮುಂದೂಡುವ ಗುಳಿಗೆ

ಮದುವೆಯಾಗಿ ಐದು ವರ್ಷವಾದರೂ ಮಹಾನಂದಾಳಿಗೆ ಮಕ್ಕಳಾಗಿರಲಿಲ್ಲ. ಅತ್ತೆ ಗುರುಬಾಯಿ ಊರವರೆದುರು ಆಡಿಕೊಂಡದ್ದು ಸಾಲದೆಂಬಂತೆ, ಒಂದು ದಿನ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಎಳೆದುಕೊಂಡು ಬಂದಳು.

"ಬರಡೇನ ನೋಡಿ ಹೇಳ್ರಿ ಬಾಯಾರ. ಇಕಿಗೆ ಆಗೂದಿಲ್ಲಂದ್ರ ಮಗನಿಗೆ ಬ್ಯಾರೆ ಹೆಣ್ಣ ನೋಡ್ತೀನಿ," ಎಂದು ಕೂಡುವ ಮೊದಲೇ ಡಾಕ್ಟರಮ್ಮನಿಗೆ ಅಂದಳು.

ಡಾಕ್ಟರಮ್ಮ ಅವಳತ್ತ ತಿರುಗದೆ ಮಹಾನಂದಾಳನ್ನು ಕೇಳಿದರು, "ನೀ ಏನರ ಗುಳಿಗಿ ತಗೋತೀಯೇನವ್ವ?"

ಅತ್ತೆ ತನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆಂದು ಗೊತ್ತಿದ್ದೂ ಮಹಾನಂದಾ ಹೇಳಿಬಿಟ್ಟಳು. "ಮುಟ್ಟು ಮುಂದ ಹೋಗೂ ಗುಳಿಗಿರಿ. ಹಬ್ಬ ಬರ್ಲಿ, ಮದುವಿ ಬರ್ಲಿ, ಅತ್ತಿಯವರು ಅಂಗಡಿಯಿಂದ ತಂದು ನುಂಗಸ್ತಾರ."

"ಇಕಿ ಹೊರಗ ಕುಂತ್ರ ಅಡಗಿ ಯಾರ ಮಾಡಬೇಕ್ರಿ?" ಗುರುಬಾಯಿ ಸಿಡುಕಿದಳು. "ಊರಾಗ ಎಲ್ಲಾರೂ ತಗೋತಾರ. ಅಂಗಡಿಯಾಂವ ಸೈತ ಒಂದ ಮಾತ ಕೇಳೂದಿಲ್ಲ."

"ಹಿಂಗ ಮ್ಯಾಲಿಂದ ಮ್ಯಾಲ ನುಂಗಿಸಿದ್ರ ಬಸರ ಹ್ಯಾಂಗ ನಿಲ್ಲಬೇಕು? ನೀವ ನಿಮ್ಮ ಕೈಯಾರೆ ಇಕಿ ಮೈ ಕೆಡಸೀರಿ. ಇನ್ನ ಒಂದೂ ಕೊಡಬ್ಯಾಡ್ರಿ," ಎಂದು ಡಾಕ್ಟರಮ್ಮ ಗದರಿದರು.

ಗುರುಬಾಯಿ ತಲೆ ತಗ್ಗಿಸಿ ಹೂಂ ಅಂದಳು. ತವರು ಬಿಟ್ಟು ಬಂದಮೇಲೆ ಮೊದಲ ಸಲ ಮಹಾನಂದಾಳ ಎದೆ ಹಗುರಾಯಿತು.

ಬಸ್ ನಿಲ್ದಾಣದಲ್ಲಿ ಅವಳನ್ನು ಕೂಡಿಸಿ, ಅತ್ತೆ ಎದುರಿನ ಔಷಧಿ ಅಂಗಡಿಗೆ ಹೋಗಿ ಬಂದಳು. ಬಂದವಳೇ ಅದೇ ಗುಳಿಗೆಗಳ ಪೊಟ್ಟಣವನ್ನು ಸೊಸೆಯ ಕೈಗೆ ತುರುಕಿದಳು.

"ಇದೊಂದ ಸಲ ನುಂಗು. ಸೋಮವಾರ ನೀ ಮುಟ್ಟಾದರ ನಡಿಯೂದಿಲ್ಲ. ನಿನಗ ಕೂಸು ಆಗ್ಲಿ ಅಂತ ಮನ್ಯಾಗ ಪೂಜಿ ಇಟ್ಟೀನಿ."