ಇವತ್ತು ಡೆಲಿವರಿ ಎಷ್ಟಮ್ಮಾ?

ಇದೊಂದನ್ನು ಪೂರ್ತಿ ಕೇಳಿ, ಮಧ್ಯೆ ಎದ್ದು ಹೋಗಬೇಡಿ. ಬಸವೇಶ್ವರನಗರದ ಆ ಮನೆಯ ಗೇಟಿನ ಮುಂದೆ ಕೋಕಿಲಾ ಹತ್ತು ನಿಮಿಷದಿಂದ ನಿಂತೇ ಇದ್ದಳು. ಮೈಮೇಲೆ ನೀಲಿ ಯೂನಿಫಾರ್ಮ್ ಸೀರೆ, ಕೈಯಲ್ಲಿ ನಾಲ್ಕು ನಿಂಬೆಹಣ್ಣು. ಇವತ್ತು ಹೇಳಿಬಿಡಬೇಕು. ಸೋಮವಾರ ಮೈಸೂರಿನಲ್ಲಿ ಹೊಸ ಕೆಲಸ. ಇಂಥವೇ ಎರಡು ಕೆಲಸಗಳನ್ನು ಈ ಗೇಟಿಗಾಗಿ ಕೈಬಿಟ್ಟಾಗಿತ್ತು.

ಕೆಂಗೇರಿ ಇನ್ನೂ ಪುಟ್ಟ ಊರಿನಂತಿದ್ದಾಗ ಹನುಮಂತಯ್ಯನವರು ಅಲ್ಲಿ ಕಾರಿನ ಷೋರೂಮ್ ತೆರೆದಿದ್ದರು. ಹೊಸ ಕಾರು ಡೆಲಿವರಿಯಾಗಿ ಹೊರಡುವುದನ್ನು ನೋಡಲು ಬೀದಿಗೆ ಬೀದಿಯೇ ಸೇರುತ್ತಿತ್ತು. ಅವರು ಕಾಯಿ ಒಡೆಯುವರು. ಅಲ್ಲಿ ಕೆಲಸಕ್ಕಿದ್ದ ಕೋಕಿಲಾ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುವಳು. ನಾಲ್ಕು ವರ್ಷದ ಹಿಂದೆ ಷೋರೂಮ್ ಮುಚ್ಚಿತು. ಈಗ ಅಲ್ಲಿ ಕಲ್ಯಾಣ ಮಂಟಪ.

ಮುಚ್ಚಿದ ಮರುದಿನ ಬೀಗದ ಕೈ ಕೊಡಲು ಅವಳು ಯಜಮಾನರ ಮನೆಗೆ ಹೋಗಿದ್ದಳು. ಬೇರೆ ಸೀರೆ ಒಣಗಿರಲಿಲ್ಲ, ಹಾಗಾಗಿ ಷೋರೂಮಿನ ಯೂನಿಫಾರ್ಮಿನಲ್ಲೇ. ಹನುಮಂತಯ್ಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ ಕೇಳಿದ್ದರು.

"ಇವತ್ತು ಡೆಲಿವರಿ ಎಷ್ಟಮ್ಮಾ?"

ಷೋರೂಮ್ ಮುಚ್ಚಿದ್ದನ್ನೇ ಮರೆತುಬಿಟ್ಟರೇ ಇವರು? "ಒಂದು, ಸಾರ್" ಎಂದುಬಿಟ್ಟಳು.

ಅಷ್ಟೇ, ಸಿಕ್ಕಿಬಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಅವರ ಹಳೆಯ ಕಾರಿಗೇ ಪೂಜೆ, ಅದರದ್ದೇ ಡೆಲಿವರಿ. ಎರಡಡಿ ಮುಂದೆ, ಎರಡಡಿ ಹಿಂದೆ. ಆಮೇಲೆ ಗಾರ್ಮೆಂಟ್ಸ್ ಆಫೀಸಿಗೆ ಓಟ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ. ನಿಜ ಹೇಳಿದರೆ ಮುದುಕರ ಜೀವವೇ ಹೋದೀತೆಂಬ ಭಯ.

"ಐದಾರು ಸಾವಿರ ನಿಂಬೆಹಣ್ಣು ಚಕ್ರಕ್ಕೆ ಕೊಟ್ಯಲ್ಲೇ! ಉಪ್ಪಿನಕಾಯಿ ಹಾಕಿದ್ರೆ ಇಡೀ ಕಾಮಾಕ್ಷಿಪಾಳ್ಯಕ್ಕೆ ಆಗ್ತಿತ್ತು" ಎಂದು ಅಮ್ಮ ರೇಗುತ್ತಿದ್ದಳು.

ಹನುಮಂತಯ್ಯ ಮಾತ್ರ ದಿನಾ ಇಸ್ತ್ರಿ ಷರ್ಟು ತೊಟ್ಟು ಕಾಯುವರು. ಎಲ್ಲ ಮುಗಿದ ಮೇಲೆ, "ಸಮಾಧಾನ ಆಯ್ತಾ ಮಗಳೇ?" ಎನ್ನುವರು. ಅವರ ಹೆಂಡತಿ ವೆಂಕಟಲಕ್ಷ್ಮಮ್ಮ ಕಾಫಿ ಕೊಡುತ್ತಾ ಕಣ್ಣೊರೆಸಿಕೊಳ್ಳುವರು.

"ಇನ್ನೆಷ್ಟು ದಿನಾನಮ್ಮಾ ಈ ಅವಸ್ಥೆ?"

"ಆಗೋಷ್ಟು ದಿನ ಆಗ್ಲಿ ಬಿಡಿ ಆಂಟಿ."

ಇವತ್ತು ಗೇಟು ಒಳಗಿನಿಂದಲೇ ತೆರೆಯಿತು. ಹನುಮಂತಯ್ಯ ಎದುರಿಗೇ ಇದ್ದರು.

"ಯಾಕಮ್ಮಾ ಹೊರಗೇ ನಿಂತ್ಬಿಟ್ಟೆ? ಇವತ್ತು ಡೆಲಿವರಿ ಎಷ್ಟು?"

ಕೋಕಿಲಾ ಕಣ್ಣು ಮುಚ್ಚಿಕೊಂಡಳು. "ಇಲ್ಲ ಸಾರ್. ಡೆಲಿವರಿನೂ ಇಲ್ಲ, ಷೋರೂಮೂ ಇಲ್ಲ. ಮುಚ್ಚಿ ನಾಲ್ಕು ವರ್ಷ ಆಯ್ತು ಸಾರ್."

ಕುಸಿದೇ ಬಿದ್ದರೇನೋ ಎಂದು ಅವಳು ಗಾಬರಿಯಿಂದ ಕಣ್ಣು ಬಿಟ್ಟಳು. ಹನುಮಂತಯ್ಯ ಗೇಟು ಹಿಡಿದು ನಿಂತಿದ್ದರು, ಕೆನ್ನೆ ಮೇಲೆ ನೀರು. ಆಮೇಲೆ ಮನೆಯೊಳಕ್ಕೆ ತಿರುಗಿ ಕೂಗಿದರು.

"ಲೇ, ಬಾರೇ ಇಲ್ಲಿ! ಕೊನೆಗೂ ಹುಡುಗಿ ತಲೆ ಸರಿಹೋಯ್ತು ಕಣೇ! ಇನ್ನು ಇವಳನ್ನ ಬಿಟ್ಟು ತುಮಕೂರಿಗೆ ಮಗಳ ಮನೆಗೆ ಹೋಗ್ಬಹುದು, ಬಟ್ಟೆ ಕಟ್ಟೇ!"

ಅವಳ ಜಾಗದಲ್ಲಿ ನೀವಿದ್ದಿದ್ದರೆ, "ನಾನೂ ನಿಮ್ಮ ಬಗ್ಗೆ ಹಾಗೇ ಅಂದ್ಕೊಂಡಿದ್ದೆ ಸಾರ್" ಎಂದು ಹೇಳುತ್ತಿದ್ದಿರಾ?