ಹಿರಿಯ ಸರ್ವರಿನ ಮಾತು

ಇಳಕಲ್ಲಿನ ನೇಕಾರ ಮಹಿಳೆ ಗುರವ್ವನಿಗೆ ಬಲಗೈ ಇರಲಿಲ್ಲ. ಇದ್ದದ್ದು ಯಂತ್ರದ ಕೈ. ಸೀರೆಯ ಒಡಲಿಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದನ್ನು ಅದು ವರ್ಷಗಟ್ಟಲೆ ಅವಳ ಎಡಗೈಯ ಜೊತೆ ದುಡಿದು ಕಲಿತಿತ್ತು. ಈಗ ಅದರ ಹೆಬ್ಬೆರಳು ನಡುಗುತ್ತಿತ್ತು, ಎಳೆ ಹರಿಯುತ್ತಿತ್ತು.

ಕೈ ಕಲಿತದ್ದರ ನಕಲು ರಿಪೇರಿ ಕೇಂದ್ರದ ಮೂರು ಸರ್ವರ್‌ಗಳಲ್ಲಿರುತ್ತದೆ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ದೂರದಲ್ಲಿ ಕೂತ ಎಂಜಿನಿಯರ್ ಕೈಯನ್ನು ತಿದ್ದಬಹುದು.

“ರಿಪೇರಿ ಮತ್ತ ಬಂದ್ ಆತಲ್ಲೋ ಸಂಗಪ್ಪ. ಮುಂಜಾನಿಯಿಂದ ಕುಂತೀನಿ. ಸೀರಿ ನಾಳಿಗೆ ಕೊಡಬೇಕು,” ಎಂದಳು ಕೇಂದ್ರಕ್ಕೆ ಬಂದಿದ್ದ ಗುರವ್ವ.

“ಒಂದನೇ ನಂಬರಿಂದು ಒಂದ್ ಮಾತು, ಉಳಿದೆರಡರದು ಇನ್ನೊಂದು, ಚಿಗವ್ವ,” ಎಂದ ಕೇಂದ್ರ ನೋಡಿಕೊಳ್ಳುವ ಸಂಗಪ್ಪ. ಬೆಳಗಿನಿಂದ ಅವನಿಗೂ ಸಾಕಾಗಿತ್ತು. “ಮನ್ಯಾಗ ಹಿರಿಯಾಂದು ನಡೀಬೇಕೋ ಬ್ಯಾಡೋ?”

ಮೊದಲು ತಂದಿಟ್ಟಿದ್ದ ಒಂದನೇ ಸರ್ವರಿನಲ್ಲಿದ್ದುದನ್ನೇ ಉಳಿದೆರಡರ ಮೇಲೂ ಬರೆದುಬಿಟ್ಟ.

“ಈಗ ಜಗಳಿಲ್ಲ.”

ಎಂಜಿನಿಯರನಿಗೆ ಮೂರು ಹಸಿರು ದೀಪ ಕಂಡವು. ಆದರೆ ಕೆಟ್ಟಿದ್ದದ್ದು ಆ ಹಿರಿಯ ಸರ್ವರೇ. ಅದು ಕೊಂಡಿ ಹಾಕುವ ಚಲನೆಯನ್ನೂ ನಡುಕವೆಂದೇ ಗುರುತಿಸಿತ್ತು. ಎಂಜಿನಿಯರ್ ಅದನ್ನು ನಂಬಿ, ನಡುಕ, ಕೊಂಡಿ ಎರಡನ್ನೂ ಕೈಯಿಂದಲೂ ಮೂರೂ ನಕಲುಗಳಿಂದಲೂ ಅಳಿಸಿದ.

ಹೆಬ್ಬೆರಳು ಸ್ಥಿರವಾಯಿತು. ಗುರವ್ವ ಚೀಲದಿಂದ ಎರಡು ಎಳೆ ತೆಗೆದು ಯಂತ್ರದ ಕೈಗೆ ಕೊಟ್ಟಳು. ಕೈ ಕೊಂಡಿ ಹಾಕದೆ ಅವನ್ನು ಸುಮ್ಮನೆ ಹಿಡಿದುಕೊಂಡೇ ಇತ್ತು.

“ಮೊದಲಿಂದು ವಾಪಸ್ ಹಾಕೋ.”

“ಎಲ್ಲಿಂದ ಹಾಕ್ಲಿ? ಮೂರರಾಗೂ ಈಗ ಒಂದೇ ಐತಿ.”

“ಹೌದಪ್ಪ. ಈಗ ಜಗಳಿಲ್ಲ.”

ಹೋದದ್ದು ಎರಡು: ಹೆಬ್ಬೆರಳಿನ ನಡುಕ, ಕೊಂಡಿ ಹಾಕುವ ವಿದ್ಯೆ.